ತಾಯಿಯ ನೆದರು

ಹುಡುಗಿಯ ಮೂಗಿನ ಕೆಳಗೆ ಬೆರಳಿಟ್ಟು ರುದ್ರವ್ವ ಮೂರನೆಯ ಸಲ ನೋಡಿದಳು. ಬೆರಳಿಗೆ ಬಿಸಿಯುಸಿರು ತಾಕಿತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಚಾಪೆಯ ಅಂಚಿಗೆ ಬಂದಿತ್ತು. ಆರು ವರ್ಷದ ಬಸಣ್ಣಿ ಬಾಯಿ ಮುಚ್ಚಿಕೊಂಡು, ಒಂದು ಕೈ ತಲೆಯ ಮೇಲೆ ಚೆಲ್ಲಿ, ಸದ್ದಿಲ್ಲದೆ ಮಲಗಿದ್ದಳು. ಹುಟ್ಟಿದ ಮರುವರ್ಷದಿಂದ ಈ ಹುಡುಗಿ ಸದ್ದಿಲ್ಲದೆ ಮಲಗಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

"ಏನ್ರೀ, ಒಂದೀಟ ಇಲ್ಲೆ ಬರ್ರಿ. ಈಕಿ ಎದಿ ಸಪ್ಪಳನ ಬರವಲ್ದು."

ಕಚೇರಿಗೆ ಹೊರಡಲು ರುಮಾಲು ಸುತ್ತಿಕೊಳ್ಳುತ್ತಿದ್ದ ಈರಬಸಪ್ಪ ಅರ್ಧ ಸುತ್ತಿದ ರುಮಾಲನ್ನು ಕೈಯಲ್ಲಿ ಹಿಡಿದೇ ಬಂದು ಬಾಗಿ ನೋಡಿದ. ನೋಡಿ ನಕ್ಕ.

"ಸಪ್ಪಳ ಇಲ್ಲಂದ್ರ ಚಲೋನ ಆತಲ್ಲ. ಮಂದಿ ಮಕ್ಕಳೆಲ್ಲಾ ಹಿಂಗ ಮಲಗ್ತಾವ, ಹುಚ್ಚಿ."

ಅವನು ಹೋದ ಮೇಲೂ ರುದ್ರವ್ವ ಚಾಪೆಯ ಪಕ್ಕದಿಂದ ಏಳಲಿಲ್ಲ. ರೊಟ್ಟಿ ಬಡಿಯುವುದಿತ್ತು, ನಳಕ್ಕೆ ಹೋಗುವುದಿತ್ತು, ನಿನ್ನೆ ತಂದ ಗಂಟುಗಳಲ್ಲಿ ಅರ್ಧ ಹಾಗೇ ಬಿದ್ದಿದ್ದವು. ಇರಲಿ ಬಿಡು, ಎಂದುಕೊಂಡಳು. ಹೊಸ ಮನೆಯ ಮೊದಲ ಬೆಳಗ್ಗೆ ಹೀಗೆ ಸುಮ್ಮನೆ ಕೂತು ಒಂದು ಮಗು ಉಸಿರಾಡುವುದನ್ನು ನೋಡುವಷ್ಟು ಸುಖ ಅವಳಿಗೆ ಅಲ್ಲಿಯವರೆಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಬಸಣ್ಣಿ ಅವಳ ಮಗಳಲ್ಲ, ಭಾವನ ಮಗಳು. ಸತ್ತ ಅತ್ತೆಯ ಹೆಸರು ಉಳಿಯಲಿ ಎಂದು ಬಸವಣ್ಣೆವ್ವ ಎಂದು ತೊಟ್ಟಿಲಿಗೆ ಹಾಕಿದ್ದರು. ಅಷ್ಟು ದೊಡ್ಡ ಹೆಸರು ಹೊರುವ ತ್ರಾಣ ಹುಡುಗಿಗೆ ಇರಲಿಲ್ಲವಾದ್ದರಿಂದ ಬಸಣ್ಣಿಯಾಗಿ ಉಳಿದಿದ್ದಳು. ಭಾವ ಹೊಳಬಸಪ್ಪನದು ನಾನಾಪೇಠೆಯ ಒಂದು ಹಳೆಯ ವಾಡೆಯ ಹಿಂಭಾಗದಲ್ಲಿ ಚುರುಮುರಿ ಭಟ್ಟಿ. ಅದು ಬೈಲಹೊಂಗಲದಿಂದ ಅವರಪ್ಪ ಪುಣೆಗೆ ತಂದ ಕಸುಬು. ಭತ್ತದ ಹೊಟ್ಟನ್ನೇ ಒಲೆಗೆ ತೂರಿ, ಕಬ್ಬಿಣದ ಬಾಣಲೆಯಲ್ಲಿ ಉಸುಕು ಕಾಯಿಸಿ, ಅದರಲ್ಲಿ ಅಕ್ಕಿ ಅರಳಿಸಿ, ಜರಡಿ ಹಿಡಿದು ಉಸುಕು ಬೇರೆ ಚುರುಮುರಿ ಬೇರೆ ಮಾಡಬೇಕು. ಭಟ್ಟಿಯ ಹಿಂದೆ ಕಿಟಕಿಯಿಲ್ಲದ ಒಂದೇ ಕೋಣೆ. ಅದರಲ್ಲಿ ಅಣ್ಣ ತಮ್ಮಂದಿರಿಬ್ಬರು, ಅವರ ಹೆಂಡಿರು, ಅಣ್ಣನ ಮೂರು ಮಕ್ಕಳು ಮತ್ತು ಗೋಡೆಯುದ್ದಕ್ಕೂ ಹೊಟ್ಟಿನ ಮೂಟೆಗಳು. ಬೆಳಗಾದರೆ ಮಕ್ಕಳ ಹುಬ್ಬಿನ ಮೇಲೆ ಬೂದಿ ಕೂತಿರುತ್ತಿತ್ತು. ದೊಡ್ಡವೆರಡು ಅದರಲ್ಲೇ ಗುಂಡುಕಲ್ಲಿನ ಹಾಗೆ ಬೆಳೆದವು. ಮೂರನೆಯದಕ್ಕೆ ದಮ್ಮು ಹಿಡಿಯಿತು. ಹಿಡಿದಾಗ ಅವಳು ಮಲಗಲಾರಳು, ಮಾತಾಡಲಾರಳು. ಎರಡೂ ಕೈ ನೆಲಕ್ಕೆ ಊರಿ, ಭುಜ ಕಿವಿಯವರೆಗೆ ಎತ್ತಿ, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಸೇದುವವಳಂತೆ ಎಳೆಯುತ್ತಿದ್ದಳು.

ಹೀಗಿರುವಾಗ ಈರಬಸಪ್ಪನಿಗೆ ಭಾಂಬುರ್ಡಾ ಕಡೆ ಹೊಸದಾಗಿ ಎದ್ದ ಹವಾಮಾನದ ಕಚೇರಿಯಲ್ಲಿ ಸಿಪಾಯಿ ಕೆಲಸ ಸಿಕ್ಕಿತು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಲು ಸರಕಾರ ಗೋಪುರ ಕಟ್ಟಿಸಿದೆ ಎಂದು ಅವನು ಹೇಳಿದಾಗ ಹೊಳಬಸಪ್ಪನಿಗೆ ನಗು ತಡೆಯಲಾಗಲಿಲ್ಲ. "ನನ್ನ ಕೇಳಿದ್ರ ಭಟ್ಟಿ ಹೊಗಿ ನೋಡಿ ಪುಕಟ ಹೇಳ್ತಿದ್ನಲ್ಲೊ ತಮ್ಮಾ," ಎಂದ. ಕೆಲಸದ ಜೊತೆಗೆ ಮನೆಯೂ ಸಿಕ್ಕಿದಾಗ ಮಾತ್ರ ಯಾರೂ ನಗಲಿಲ್ಲ. ಕಚೇರಿಯ ಹಿಂದೆ ಸಿಪಾಯಿಗಳಿಗೆಂದು ಸಾಲಾಗಿ ಕಟ್ಟಿದ ಆರು ಹೆಂಚಿನ ಮನೆಗಳು. ಎರಡೆರಡು ಕೋಣೆ, ಎದುರಿಗೊಂದು ಹಿಂದಕ್ಕೊಂದು ಕಿಟಕಿ, ಫರಸಿ ಕಲ್ಲಿನ ನೆಲ. ಅಂಗಳದಲ್ಲಿ ಬೇವಿನ ಮರ, ಪಕ್ಕದಲ್ಲಿ ನಳ. ಸುತ್ತ ಬಯಲು.

ಸಾಮಾನು ಹೇರಿದ ಕೈಗಾಡಿ ಹೊರಡುವ ಹೊತ್ತಿಗೆ ಹೊಳಬಸಪ್ಪನ ಹೆಂಡತಿ, ನೆಗೆಣ್ಣಿ ಸಾವಂತ್ರವ್ವ ಮಗಳನ್ನು ಎತ್ತಿ ತಂದು ಪಾತ್ರೆಗಳ ನಡುವೆ ಕೂರಿಸಿಬಿಟ್ಟಳು. ಯಾರನ್ನೂ ಕೇಳಿರಲಿಲ್ಲ, ಗಂಡನನ್ನು ಸಹ.

"ಎಂಟ ದಿನ ಇಟ್ಕೊಂಡ ನೋಡ ರುದ್ರಿ. ಗಾಳಿ ಬದಲಾದ್ರ ಏನಾರ ಆದೀತು."

ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬದ ರುದ್ರವ್ವ, ಎಂಟು ದಿನ ಎಂಬ ಮಾತನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡಳು ಅಷ್ಟೆ.

ಎಂಟು ದಿನ ಹೋಗಿ ಹದಿನೈದಾಯಿತು. ಔಷಧವಿಲ್ಲ, ತಾಯತವಿಲ್ಲ, ಹುಡುಗಿ ತಾನಾಗಿಯೇ ಅರಳಿಕೊಂಡಳು. ಮೊದಲು ಮನೆಯಿಂದ ನಳದವರೆಗೆ ಓಡಿದಳು, ಆಮೇಲೆ ಬೇವಿನ ಮರದವರೆಗೆ, ಆಮೇಲೆ ಗೇಟಿನವರೆಗೆ. ಒಂದು ರೊಟ್ಟಿ ತಿಂದು ಇನ್ನೊಂದು ಕೇಳಿದಳು. ಪಕ್ಕದ ಮನೆಯ ನರ್ಮದಾಬಾಯಿಯ ಮಕ್ಕಳಿಂದ ಮರಾಠಿ ಬೈಗುಳ ಕಲಿತು ಅವರಿಗೇ ಬೈದಳು. ನರ್ಮದಾಬಾಯಿ ದೂರು ಹೊತ್ತು ತಂದಾಗ ರುದ್ರವ್ವ ಮುಖ ಗಂಭೀರ ಮಾಡಿಕೊಂಡು ಕೇಳಿ, ಒಳಗೆ ಹೋಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ದೂರು ಬರುವಂಥ ಮಗು ತನ್ನ ಮನೆಯಲ್ಲಿದೆ! ಬೆಳಿಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುವಾಗ ಎಣ್ಣೆ ಹಿಡಿದ ಬೆರಳನ್ನು ಎಷ್ಟು ನಿಧಾನ ಮಾಡಿದರೂ ಕೆಲಸ ಬೇಗ ಮುಗಿದುಹೋಗುತ್ತಿತ್ತು.

ಸಾವಂತ್ರವ್ವ ಮೊದಲ ಸಲ ಬಂದದ್ದು ಒಂದು ಸೋಮವಾರ. ಸೋಮವಾರ ಭಟ್ಟಿಗೆ ಬೆಂಕಿ ಹಾಕುವುದಿಲ್ಲ. ಹಾಗೆಂದು ಅದು ಬಿಡುವಿನ ದಿನವೇನಲ್ಲ. ವಾರದ ಬೂದಿ ಬಳಿದು ತೆಗೆಯುವುದು, ಒಲೆಯ ಗಂಟಲಿನ ಮಸಿ ಕೆರೆಯುವುದು, ಉಸುಕು ಜರಡಿ ಹಿಡಿಯುವುದು ಎಲ್ಲ ಆವತ್ತೇ. ಅವನ್ನೆಲ್ಲ ಮುಗಿಸಿ, ಮುಖ ಕೈಕಾಲಷ್ಟೇ ತೊಳೆದು, ಉಟ್ಟ ಸೀರೆಯಲ್ಲೇ ಹೊರಟು, ಪೇಠೆಗಳನ್ನು ದಾಟಿ ಹೊಳೆಯ ಸೇತುವೆ ಲಕಡೀ ಪೂಲಿನ ಮೇಲಿಂದ ನಡೆದೇ ಬಂದಿದ್ದಳು. ಬಗಲಲ್ಲಿ ಚುರುಮುರಿಯ ಗಂಟು. ಬರಿಗೈಲಿ ಹೋಗಬಾರದಲ್ಲ, ಮಗಳಿದ್ದ ಮನೆಗೆ.

ಬಸಣ್ಣಿ ಓಡಿ ಬಂದಳು. ಓಡಿ ಬಂದ ಮಗಳನ್ನು ಕಂಡು ಸಾವಂತ್ರವ್ವ ಅಂಗಳದಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಮಡಿಲಲ್ಲಿ ಹಾಕಿಕೊಂಡು, ಸೆರಗು ಹೊದಿಸಿ, ಸಂಜೆ ಹೊರಡುವವರೆಗೆ ಕೆಳಗಿಳಿಸಲಿಲ್ಲ. "ಗಲ್ಲ ನೋಡ ರುದ್ರಿ, ಗಲ್ಲ ಬಂದಾವ," ಎಂದು ಮತ್ತೆ ಮತ್ತೆ ಹೇಳಿದಳು.

ಅವಳು ಹೋದ ಮೇಲೆ ದೀಪ ಹಚ್ಚುವ ಹೊತ್ತಿಗೆ ಹುಡುಗಿಯ ಎದೆಯಲ್ಲಿ ಆ ಹಳೆಯ ಸದ್ದು ಮತ್ತೆ ಎದ್ದಿತು.

ರುದ್ರವ್ವ ತಾನು ಬಲ್ಲದ್ದನ್ನು ಮಾಡಿದಳು. ಉಪ್ಪು, ಸಾಸಿವೆ, ಏಳು ಒಣಮೆಣಸಿನಕಾಯಿ, ನಾಲ್ಕು ಕಸಬರಿಗೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು ಹುಡುಗಿಯ ದೃಷ್ಟಿ ಇಳಿತೆಗೆದು ಕೆಂಡದ ಮೇಲೆ ಹಾಕಿದಳು. ಮೆಣಸಿನಕಾಯಿ ಸುಟ್ಟ ಹೊಗೆ ಎರಡೂ ಕೋಣೆಯಲ್ಲಿ ತುಂಬಿತು. ಹುಡುಗಿ ಹೊಗೆಯಲ್ಲಿ ಕಣ್ಣು ಮೇಲೆ ಮಾಡಿದಳು. ನೆದರು ಬಿಡುವಾಗ ಹೀಗೇ ಆಗುವುದು ಎಂದು ಗಂಡಹೆಂಡತಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. ಪಾಪ, ಇಬ್ಬರಿಗೂ ಅವಳ ಮೇಲೆ ಜೀವವಿತ್ತು. ಜೀವವಿದ್ದುದರಿಂದಲೇ ಅಷ್ಟು ಹೊಗೆ ಹಾಕಿದರು.

ಮೂರು ದಿನಕ್ಕೆ ಹುಡುಗಿ ಸುಧಾರಿಸಿದಳು. ಮತ್ತೆ ಓಡಿದಳು, ಮತ್ತೆ ಬೈದಳು. ಎರಡು ವಾರ ಬಿಟ್ಟು ಸಾವಂತ್ರವ್ವ ಮತ್ತೆ ಬಂದಳು, ಮತ್ತೆ ಅದೇ ಆಯಿತು. ಮೂರನೆಯ ಸಲವಂತೂ ದಮ್ಮು ಅವಳು ಹೋಗುವವರೆಗೂ ಕಾಯಲಿಲ್ಲ. ಅವಳ ಮಡಿಲಲ್ಲಿ, ಅವಳ ಎದೆಗೆ ಮುಖವೊತ್ತಿ ಕೂತಿದ್ದಾಗಲೇ ಹುಡುಗಿಯ ಭುಜ ಮೇಲೆದ್ದವು. ತುಟಿ ನೀಲಿಗೆ ತಿರುಗಿತು.

ಗದ್ದಲ ಕೇಳಿ ಬಂದ ನರ್ಮದಾಬಾಯಿ ಬಾಗಿಲಲ್ಲಿ ನಿಂತು ತಾಯಿಯನ್ನೊಮ್ಮೆ ಮಗಳನ್ನೊಮ್ಮೆ ನೋಡಿದಳು. "ಅಗಬಾಯೀ, ಆಈಚೀಚ ನಜರ ಲಾಗಲೀ ಪೋರೀಲಾ," ಎಂದಳು. ತಾಯಿಯ ದೃಷ್ಟಿಯೇ ತಾಕಿದೆ ಹುಡುಗಿಗೆ. ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಪರಕೀಯರ ಕಣ್ಣಿಗಿಂತ ಹೆತ್ತವಳ ಕಣ್ಣು ಜೋರು ಎಂಬುದು ಅವಳಿಗೂ ಗೊತ್ತು, ಇವರಿಗೂ ಗೊತ್ತು.

ಸಾವಂತ್ರವ್ವ ಮಗಳನ್ನು ಕೆಳಗಿಳಿಸಿದಳು. ಸುಡುವ ಪಾತ್ರೆಯನ್ನು ಇಳಿಸಿದ ಹಾಗೆ ಇಳಿಸಿ ಗೋಡೆಯ ಕಡೆ ತಿರುಗಿ ಕೂತಳು.

"ಹೌದ ರುದ್ರಿ. ಖರೆ ಐತಿ. ಮೊದಲಿನ ಗಂಡ ಕೂಸ ಹೋತಲ್ಲ, ಅದನ್ನೂ ನಾನ ತಿಂದೆ. ಎರಕೊಂಡ ಬಂದ ದಿನ ದುಂಡಗ ಮಲಗಿತ್ತು. ಎಷ್ಟ ಚಂದ ಅದಿಯೋ ಅಂದೆ. ಎಂಟ ದಿನದಾಗ ಹೋತು."

"ಹಂಗೆಲ್ಲಾ ಅನಬ್ಯಾಡಕ್ಕಾ."

"ಇಲ್ಲೆ ಆಡಿಕೊಂಡ ಅರಾಮ ಇರತಾಳು. ನಾ ಬಂದ ಕೂಡ್ಲೆ ಬೀಳತಾಳು. ಇನ್ನೇನ ಹೇಳಬೇಕ?"

ರುದ್ರವ್ವ ಹುಡುಗಿಯನ್ನು ಎತ್ತಿಕೊಂಡು ಬೆನ್ನು ನೀವಿದಳು. ಭಟ್ಟಿಯಲ್ಲಿ ಮರುದಿನದ ಅಕ್ಕಿ ನೆನೆಹಾಕುವುದಿತ್ತು, ಅಲ್ಲಿ ಎರಡು ಮಕ್ಕಳಿದ್ದವು. ಸಾವಂತ್ರವ್ವ ಮಗಳ ಕಡೆ ನೋಡದೆ, ಗೋಡೆ ಹಿಡಿದುಕೊಂಡು ಹೊರಟುಹೋದಳು.

ಬೆಳಗಾದರೂ ದಮ್ಮು ಇಳಿಯಲಿಲ್ಲ. ಈರಬಸಪ್ಪನಿಗೆ ಬೆಳಗಿನ ಪಾಳಿ. ರುದ್ರವ್ವ ಒಬ್ಬಳೇ ಹುಡುಗಿಯನ್ನು ಬಗಲಿಗೆ ಹಾಕಿಕೊಂಡು ಡೆಕ್ಕನ್ ಜಿಮಖಾನಾದ ಒಂದು ದವಾಖಾನೆಗೆ ಹೋದಳು. ಡಾಕ್ಟರು ಮರಾಠಿಯವರು. ಕಂಪೌಂಡರ್ ರಾಘಣ್ಣ ಧಾರವಾಡದವನು. ರುದ್ರವ್ವ ಹುಡುಗಿಗೆ ಏನೋ ಹೇಳಿದ್ದು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

ಡಾಕ್ಟರು ಹುಡುಗಿಯ ತೋಳಿಗೆ ಸೂಜಿ ಹಾಕಿದರು. ರುದ್ರವ್ವ ನೋಡನೋಡುತ್ತಿದ್ದಂತೆ ಆ ನೀಲಿ ತುಟಿಗೆ ಬಣ್ಣ ಬಂತು, ಭುಜ ಇಳಿದವು. ಆಮೇಲೆ ಅವರು ಕೈ ತೊಳೆಯುತ್ತ ಒಂದೊಂದಾಗಿ ಕೇಳಿದರು. ತಾಯಿ ನೀನೇ ಏನು? ರುದ್ರವ್ವ ತುಸು ತಡೆದು, ಅಲ್ಲ, ಚಿಗವ್ವ ಎಂದಳು. ಯಾವಾಗ ಬರುತ್ತದೆ? ತಾಯಿ ಬಂದಾಗ. ಆ ಉತ್ತರ ಕೇಳಿ ಅವರು ಕೈ ಒರೆಸುವುದನ್ನು ನಿಲ್ಲಿಸಿದರು.

"ಆಈ ಕಾಯ ಕಾಮ ಕರತೇ?"

ತಾಯಿಯ ಕೆಲಸ ಏನೆಂದು ಕೇಳುತ್ತಿದ್ದರು. ರುದ್ರವ್ವ ಭಟ್ಟಿಯ ಸಂಗತಿ ಹೇಳಿದಳು. ಬೂದಿ, ಹೊಟ್ಟು, ಸೋಮವಾರದ ಕೆಲಸ, ನೆದರು ತೆಗೆಯಲು ಮೆಣಸಿನಕಾಯಿ ಸುಟ್ಟದ್ದು, ಎಲ್ಲ. ಡಾಕ್ಟರು ರಾಘಣ್ಣನಿಗೆ ನಾಲ್ಕು ಮಾತು ಹೇಳಿ ಒಳಗೆ ಹೋದರು. ರಾಘಣ್ಣ ಬಾಟಲಿಗೆ ಔಷಧ ಸುರಿಯುತ್ತ ಅದನ್ನೇ ಬಿಡಿಸಿ ಹೇಳಿದ.

"ಇಲ್ಲಿ ನೋಡವಾ. ನೆದರು ಗಿದರು ಏನೂ ಅಲ್ಲ ಇದು. ಹೊಟ್ಟಿನ ಧೂಳ ಅದ ನೋಡು, ಹೊಗಿ ಅದ, ಅದು ಅವರವ್ವನ ಸೀರಿಯೊಳಗ, ಕೂದಲದೊಳಗ ಕೂತು ಬರ್ತದ. ಈ ಹುಡುಗಿ ಎದಿಗೆ ಅದು ಆಗಿಬರೂದಿಲ್ಲ. ಆಕಿ ಬಂದ ಕೂಡ್ಲೆ ತಲಿ ಮ್ಯಾಲೆ ನೀರು ಹಾಕ್ಕೊಳ್ಳಲಿ. ನಿಮ್ಮ ಮನಿಯೊಳಗಿನ ಒಗದ ಸೀರಿ ಒಂದು ಉಟ್ಟುಕೊಳ್ಳಲಿ. ಆಮ್ಯಾಲೆ ದಿನಾ ಪೂರ್ತಿ ಮಗಳನ್ನ ತೊಡಿ ಮ್ಯಾಲೆ ಕೂಡಿಸಿಕೊಂಡ್ರೂ ಏನೂ ಆಗೂದಿಲ್ಲ. ಮತ್ತ ಆ ಮೆಣಸಿನಕಾಯಿ ಹೊಗಿ ಇನ್ನ ಹಾಕಿಗೀಕಿರಿ! ಅದು ಭಾಳ ಕೆಟ್ಟ."

"ಇಷ್ಟೇನ್ರಿ?"

"ಇಷ್ಟ ನೋಡು."

ರುದ್ರವ್ವ ಬಿಸಿಲಿನಲ್ಲಿ ಮನೆಯ ಕಡೆ ನಡೆದಳು. ಮೊದಲು ಬಂದದ್ದು ಸಂತೋಷವೇ. ಅಕ್ಕನಿಗೆ ಹೇಳಬೇಕು, ನಿನ್ನ ಕಣ್ಣಲ್ಲ, ನಿನ್ನ ಸೀರೆ ಎಂದು. ಆ ಮುಖ ಹೇಗೆ ಬೆಳಗುತ್ತದೆ ಎಂದು ನೆನೆದು ಅವಳಿಗೆ ಕಣ್ಣು ತುಂಬಿತು. ಬಗಲಲ್ಲಿ ಹುಡುಗಿ ದಣಿದು ನಿದ್ದೆಹೋಗಿದ್ದಳು, ಒಂದು ಕೈ ಚಿಗವ್ವನ ಕುತ್ತಿಗೆ ಸುತ್ತಿತ್ತು. ಅರ್ಧ ದಾರಿಯಲ್ಲಿ ನಿದ್ದೆಯಲ್ಲೇ "ಅವ್ವಾ" ಎಂದಳು. ಯಾರನ್ನು ಕರೆದಳೋ ಏನೋ. ರುದ್ರವ್ವ "ಓ" ಎಂದಳು. ಎಂದಮೇಲೆ ರಸ್ತೆಯ ಬದಿಗೆ ಸರಿದು ಸ್ವಲ್ಪ ಹೊತ್ತು ನಿಂತಳು.

ಸಂಜೆ ಈರಬಸಪ್ಪ ಕೇಳಿದ.

"ಡಾಕ್ಟರ ಏನಂದ್ರು?"

"ಸೂಜಿ ಹಾಕಿದ್ರು. ಔಷಧ ಕೊಟ್ಟಾರ."

"ಮತ್ತ?"

"ಹೊಗಿ ಹಾಕಬ್ಯಾಡ್ರಿ ಅಂದ್ರು."

ಅದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಆವತ್ತಿನಿಂದ ಆ ಮನೆಯಲ್ಲಿ ಮೆಣಸಿನಕಾಯಿ ಸುಡಲಿಲ್ಲ, ಲೋಬಾನವನ್ನೂ ಹಾಕಲಿಲ್ಲ. ಒಲೆ ಹಚ್ಚುವಾಗ ಹುಡುಗಿಯನ್ನು ಅಂಗಳಕ್ಕೆ ಕಳಿಸುತ್ತಿದ್ದಳು. ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ರುದ್ರವ್ವ ಚಾಚೂ ತಪ್ಪದೆ ನಡೆಸಿದಳು. ಇನ್ನರ್ಧ ಗಂಡನಿಗೆ ಹೇಳಿದ್ದರೆ ಅವನು ಅವತ್ತೇ ನಾನಾಪೇಠೆಗೆ ಓಡಿ ಹೇಳಿ ಬರುತ್ತಿದ್ದ. ಅಂಥವನು ಅವನು. ಅದಕ್ಕೇ ಹೇಳಲಿಲ್ಲ. ತಾನೇ ಹೇಳಿದರಾಯಿತು, ಸೋಮವಾರ ಬರುತ್ತಾಳಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೋಮವಾರ ಬೆಳಿಗ್ಗೆ ತನ್ನದೊಂದು ಹಸಿರು ಇಳಕಲ್ಲ ಸೀರೆ ಒಗೆದು ಹಗ್ಗಕ್ಕೆ ಹಾಕಿದ್ದು ನಿಜ. ಹಿತ್ತಲಲ್ಲಿ ಒಂದು ಹಂಡೆ ನೀರು ತುಂಬಿಟ್ಟದ್ದೂ ನಿಜ.

ಆ ಸೋಮವಾರ ಸಾವಂತ್ರವ್ವ ಮನೆಯವರೆಗೆ ಬರಲೇ ಇಲ್ಲ. ಬೇವಿನ ಮರದ ಕೆಳಗೆ, ಮನೆಗೆ ಬೆನ್ನು ಹಾಕಿ ಕೂತುಬಿಟ್ಟಳು.

"ರುದ್ರಿ, ನೀನ ಇಲ್ಲಿಗೆ ಬಾ. ಕೂಸನ್ನ ಅಲ್ಲೇ ಹಿಡಕೊಂಡಿರು ಅಂತ ನರ್ಮದಾಬಾಯಿಗೆ ಹೇಳು."

ರುದ್ರವ್ವ ಹೋಗಿ ಎದುರಿಗೆ ಕೂತಳು. ಸಾವಂತ್ರವ್ವನ ಕಣ್ಣು ಗುಳಿ ಬಿದ್ದಿದ್ದವು. ನಡು ವಯಸ್ಸಿನ ಗಟ್ಟಿ ಹೆಂಗಸು ಒಂದು ವಾರದಲ್ಲಿ ಮುದುಕಿಯ ಹಾಗಾಗಿದ್ದಳು. ಆ ಮುಖ ನೋಡಿದ ಮೇಲೂ ಹೇಳದೆ ಇರಲು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ರುದ್ರವ್ವ ಏನು ಹೇಳಿಯಾಳು? ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಸಾವಂತ್ರವ್ವ, "ಎದ್ದಾಳೇನ? ಉಂಡಾಳೇನ? ಏನ ಉಂಡ್ಳು?" ಎಂದು ಕೇಳತೊಡಗಿದಳು. ರುದ್ರವ್ವ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳಿಗೆ ಅರಿವಿಗೆ ಬಂತು, ಈಗ ಈ ಹುಡುಗಿಯ ಬಗ್ಗೆ ಬಲ್ಲವಳು ತಾನು, ಕೇಳುವವಳು ಅವಳು. ಎಂಥ ರುಚಿ ಅದು! ಮುಂದಿನ ಸೋಮವಾರ ಹೇಳಿದರಾಯಿತು ಎಂದುಕೊಂಡಳು.

ಆವತ್ತು ಸಂಜೆ ಬಸಣ್ಣಿಗೆ ಏನೂ ಆಗಲಿಲ್ಲ. ದೂರ ಕೂತವಳ ಧೂಳು ಬಯಲಲ್ಲೇ ಉಳಿದಿತ್ತು, ಇನ್ನೇನು ಆದೀತು? ಆದರೆ ಸುದ್ದಿ ನಾನಾಪೇಠೆಗೆ ಮುಟ್ಟಿದಾಗ ಸಾವಂತ್ರವ್ವನಿಗೆ ಇನ್ನು ಯಾವ ಸಾಕ್ಷಿಯೂ ಬೇಕಾಗಲಿಲ್ಲ. ನೋಡದೆ ಹೋದಳು, ಮಗಳು ಉಳಿದಳು.

ಮೇ ತಿಂಗಳಲ್ಲಿ, ಇನ್ನು ಮಳೆ ಬಂದರೆ ನಡೆದು ಬರುವುದು ಕಷ್ಟ ಎನ್ನುವ ಹೊತ್ತಿಗೆ, ಅವಳು ಕೊನೆಯ ಸಲ ಬಂದಳು. ಅಷ್ಟರಲ್ಲಿ ಮರದ ಕೆಳಗೆ ಕೂತ ಸೋಮವಾರಗಳು ನಾಲ್ಕಾಗಿದ್ದವು. ಪ್ರತಿಸಲ ಹಗ್ಗದ ಮೇಲೆ ಒಗೆದ ಸೀರೆ ಇರುತ್ತಿತ್ತು. ರುದ್ರವ್ವ ಅದನ್ನು ಸಂಜೆ ಮಡಿಸಿ ಒಳಗಿಡುತ್ತಿದ್ದಳು. ಬಸಣ್ಣಿ ಮೊದಲೆರಡು ಸಲ ಅವ್ವನ ಕಡೆ ಓಡಲು ನೋಡಿ ಅತ್ತಿದ್ದಳು. "ಹೋಗಬ್ಯಾಡ, ಮತ್ತ ದಮ್ಮು ಬರತೈತಿ," ಎಂದ ಮೇಲೆ ನಿಂತಳು. ಆ ಹುಡುಗಿಗೆ ಜಗತ್ತಿನಲ್ಲಿ ದಮ್ಮಿಗಿಂತ ದೊಡ್ಡ ಹೆದರಿಕೆ ಬೇರೆ ಇರಲಿಲ್ಲ.

"ರುದ್ರಿ, ಇನ್ನ ನಾ ಬರಂಗಿಲ್ಲ," ಎಂದಳು ಸಾವಂತ್ರವ್ವ.

"ಯಾಕಕ್ಕಾ?"

"ಬೆನ್ನ ತಿರುವಿ ಕುಂತ್ರೂ ಮನಸ್ಸ ತಿರಗವಲ್ದು. ಇವತ್ತ ಗೇಟನ್ಯಾಗ ಬರೂ ಮುಂದ ಒಂದ ಸಲ ನೋಡೇಬಿಟ್ಟೆ. ಕೆಂಪನ ಲಂಗ ಹಾಕಿದ್ದಿಯಲ್ಲ ಆಕಿಗೆ. ಎತ್ತರ ಆಗ್ಯಾಳ. ನೋಡಿ ಎದಿ ತುಂಬಿ ಬಂತು, ಹಿಂದಿಂದನ ಝಲ್ ಅಂತು. ಸಂಜಿಕ ಏನಾಗತೈತೋ ಅಂತ. ನನ್ನ ಕಣ್ಣ ನನ್ನ ಮಾತ ಕೇಳಂಗಿಲ್ಲ ರುದ್ರಿ."

ರುದ್ರವ್ವ ನೆಲದ ಮೇಲಿನ ಬೇವಿನ ಕಾಯೊಂದನ್ನು ಕಾಲ್ಬೆರಳಿನಿಂದ ಹೊರಳಿಸಿದಳು.

"ಆಕಿ ಅಪ್ಪನ್ನೂ ಕೇಳೇನಿ. ಹೂಂ ಅಂದಾರ. ನಿನ್ನ ಉಡ್ಯಾಗ ಹಾಕೇನಿ ಅಂತ ತಿಳಕೊ. ನಿನಗೂ ಇಲ್ಲ. ನಾ ಹೆತ್ತೆ, ನೀ ಉಳಿಸಿದಿ. ಅವ್ವಾ ಅನ್ನಾಕ ಕಲಿಸು ಆಕಿಗೆ. ಆಕಿ ನನ್ನ ಕರಿಯೂದ ಬಿಟ್ರ ನನ್ನ ನೆದರೂ ಬಿಟ್ಟೀತು."

ಎರಡು ಮಾತಿನ ಕೆಲಸ ಅದು. ಅಕ್ಕಾ, ಜಳಕಾ ಮಾಡು. ಅಕ್ಕಾ, ಈ ಸೀರಿ ಉಟಗೋ. ಒಂದು ಮಗುವೂ ಹೇಳಬಹುದಾದಷ್ಟು ಸಣ್ಣ ಮಾತು. ನಾಲ್ಕು ವಾರ ಬಾಯಲ್ಲೇ ಇಟ್ಟುಕೊಂಡದ್ದರಿಂದ ಅದು ಈಗ ಬೇರೆಯೇ ಆಗಿತ್ತು. ಹೇಳಿದರೆ, ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಆ ಗುಳಿಬಿದ್ದ ಕಣ್ಣು ಕೇಳುತ್ತವೆ. ಹೇಳದಿದ್ದರೆ ಮಗಳು ತನ್ನವಳು.

"ಅಕ್ಕಾ..."

"ಏನ?"

"ನೀರ ಕುಡದ ಹೋಗು. ಬಿಸಲೈತಿ."

"ಒಲ್ಲೆ." ಸಾವಂತ್ರವ್ವ ಚುರುಮುರಿಯ ಗಂಟನ್ನು ಅವಳ ಮಡಿಲಲ್ಲಿಟ್ಟು ಸೆರಗು ಸರಿಮಾಡಿಕೊಂಡಳು. ಏಳಲಿಲ್ಲ. ಮೆಲ್ಲಗೆ ಕೇಳಿದಳು. "ಈಗೇನ ಮಾಡಾಕತ್ತಾಳ?"

ರುದ್ರವ್ವ ಅವಳ ಹೆಗಲ ಮೇಲಿಂದ ಮನೆಯ ಕಡೆ ನೋಡಿದಳು. ನರ್ಮದಾಬಾಯಿಯ ಮಕ್ಕಳು ಅಂಗಳದ ಆಚೆ ಕಿರುಚಾಡಿಕೊಂಡು ಗೋಲಿ ಆಡುತ್ತಿದ್ದವು. ಬಸಣ್ಣಿ ಅವರ ಜೊತೆ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಕೆಂಪು ಲಂಗದ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಅವ್ವನ ಬೆನ್ನನ್ನೇ ನೋಡುತ್ತ ನಿಂತಿದ್ದಳು.

"ಆಡಾಕತ್ತಾಳಕ್ಕಾ."

"ಯಾರ ಕೂಡ?"

"ಬಾಜೂಮನಿ ಹುಡುಗರ ಕೂಡ."

"ನಗಾಕತ್ತಾಳೇನ?"

"ಹೂಂ."

ಸಾವಂತ್ರವ್ವ ತಲೆಯಾಡಿಸಿದಳು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದಳು. ಸೆರಗನ್ನು ತಲೆಯ ಮೇಲಿಂದ ಎಳೆದು ಮುಖದ ಎರಡೂ ಬದಿ ಮರೆಯಾಗುವಂತೆ ಹಿಡಿದುಕೊಂಡು ಗೇಟಿನ ಕಡೆ ನಡೆದಳು. ಅವಳು ನಡೆದ ಕಡೆ ಕಾಲುದಾರಿಯ ಮಣ್ಣು ಎದ್ದು ಕೂರುತ್ತಿತ್ತು.

ಬಸಣ್ಣಿ ಬಂದು ರುದ್ರವ್ವನ ಪಕ್ಕ ನಿಂತಳು.

"ಚಿಗವ್ವಾ, ಅವ್ವಗ ನನ್ನ ಮ್ಯಾಲೆ ಸಿಟ್ಟ ಬಂದೈತೇನ?"

"ಇಲ್ಲ ಕೂಸ."

"ಮತ್ಯಾಕ ನನ್ನ ಕಡೆ ನೋಡವಲ್ಲಳು?"

ರುದ್ರವ್ವ ಅವಳನ್ನು ಹತ್ತಿರ ಎಳೆದುಕೊಳ್ಳಲು ಕೈ ಚಾಚಿದಳು. ಹುಡುಗಿ ಆ ಕೈಯ ಕೆಳಗಿನಿಂದ ನುಸುಳಿ ಓಡಿದಳು. ಅಷ್ಟು ದೂರ, ಒಂದೇ ಓಟದಲ್ಲಿ. ಗೇಟಿನ ಸರಳು ಹಿಡಿದು ನಿಂತು ಕೂಗಿದಳು.

"ಅವ್ವಾ..."

ಕೂಗು ಬಯಲಿನುದ್ದಕ್ಕೂ ಹೋಯಿತು. ನಡುವೆ ಎಲ್ಲೂ ಕಡಿಯಲಿಲ್ಲ, ಕೆಮ್ಮು ಬರಲಿಲ್ಲ. ಹುಟ್ಟಿದಂದಿನಿಂದ ಆ ಗಂಟಲಿನಿಂದ ಅಂಥ ಕೂಗು ಬಂದಿರಲಿಲ್ಲ. ರಸ್ತೆಯ ತಿರುವಿನ ಹತ್ತಿರ ಸಾವಂತ್ರವ್ವ ನಿಂತಳು. ತಿರುಗಲಿಲ್ಲ. ಕೂಗು ಪೂರ್ತಿ ಮುಗಿಯುವವರೆಗೆ, ತಲೆ ಸ್ವಲ್ಪ ಓರೆ ಮಾಡಿ, ಕೇಳಿದಳು. ಆಮೇಲೆ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ನಡೆದಳು.

ಬೇವಿನ ಕೆಳಗೆ ರುದ್ರವ್ವ ಮಡಿಲಲ್ಲಿ ಗಂಟು ಹಿಡಿದುಕೊಂಡು ಎದ್ದು ನಿಂತಿದ್ದಳು. ಗೇಟಿನಲ್ಲಿ ಹುಡುಗಿ ಮತ್ತೊಮ್ಮೆ ಕೂಗಲು ಎದೆ ತುಂಬ ಉಸಿರೆಳೆದುಕೊಂಡಳು.